ಹನ್ನೊಂದಕ್ಕೆ ನೀರು ಕುಡಿದದ್ದು

ನನ್ನ ಓದುವ ಮೇಜಿನ ಮೇಲೆ, ಪೆನ್ನಿನ ಡಬ್ಬಿಯ ಪಕ್ಕದಲ್ಲಿ, ಒಂದು ಮುರುಕು ಕಾಕ್ ಇದೆ. ನಮ್ಮ ಚನ್ನಗಿರಿಯಲ್ಲಿ ಬ್ಯಾಡ್ಮಿಂಟನ್ ಆಟಕ್ಕೆ ಶಟಲ್ ಎನ್ನುತ್ತಾರೆ, ನೆಟ್ಟಿನ ಮೇಲಿಂದ ಹಾರಾಡುವ ಗರಿಗಳ ಆ ಪುಟ್ಟ ಬುಟ್ಟಿಗೆ ಕಾಕ್ ಎನ್ನುತ್ತಾರೆ. ಹೊಸದರಲ್ಲಿ ಅದಕ್ಕೆ ಹದಿನಾರು ಗರಿಗಳಿರುತ್ತವೆ. ಇದಕ್ಕೆ ಉಳಿದಿರುವುದು ಹನ್ನೆರಡು, ಅವುಗಳಲ್ಲೂ ಮೂರು ನಡು ಮುರಿದು ನೇತಾಡುತ್ತಿವೆ. ಕಸ ಗುಡಿಸುವಾಗಲೆಲ್ಲ ಅಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಇನ್ನೂ ಯಾಕೆ ಇಟ್ಕಂಡಿದೀಯೇ, ಸತ್ತ ಕೋಳಿಮರಿ ಇದ್ದಂಗೈತೆ" ಎನ್ನುತ್ತಾಳೆ. ನಾನು ಅದನ್ನು ತೆಗೆದುಕೊಂಡು ಮತ್ತೆ ಅದೇ ಜಾಗದಲ್ಲಿಡುತ್ತೇನೆ. ಯಾಕೆಂದು ನಿಮಗಾದರೂ ಹೇಳಬೇಕು. ಹೇಳದಿದ್ದರೆ ನನ್ನ ಸಿಟ್ಟು ಆರುವುದಿಲ್ಲ. ಹೇಳಿದರೂ ಆರುತ್ತದೆಂದು ನಂಬಿಕೆಯಿಲ್ಲ.

ನಾನು ಡೈರಿ ಬರೆಯುವವಳು. ಉಳಿದವರು ಡೈರಿಯಲ್ಲಿ ಮನಸ್ಸನ್ನು ತೋಡಿಕೊಂಡರೆ ನಾನು ಎಣಿಕೆಯನ್ನು ಬರೆಯುತ್ತೇನೆ: ಎದ್ದ ಹೊತ್ತು, ಬಸ್ಸು ತಡವಾದ ನಿಮಿಷಗಳು, ಆ ದಿನದ ಆಟದಲ್ಲಿ ತಪ್ಪಿದ ಸರ್ವಿಸ್‌ಗಳು. ನನ್ನ ಡಬಲ್ಸ್ ಜೊತೆಗಾತಿ ರುಕ್ಸಾನಾ, ಪೇಟೆಯಲ್ಲಿ ತಗಡಿನ ಟ್ರಂಕು ಮತ್ತು ಡಬ್ಬಗಳನ್ನು ಮಾಡುವವರ ಮಗಳು, ನನ್ನನ್ನು ಕರೆಯುವುದೇ 'ಲೆಕ್ಕದ ಮೇಷ್ಟ್ರು' ಎಂದು. ನಾವಿಬ್ಬರೂ ಎರಡು ವರ್ಷಗಳಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಸುತ್ತಿ ಆರು ಪಂದ್ಯಾವಳಿಗಳನ್ನು ಆಡಿದ್ದೆವು. ಡೈರಿಯ ಕೊನೆಯ ಪುಟದಲ್ಲಿ ಅವುಗಳಿಗಾಗಿ ಗೆರೆ ಎಳೆದು ಕಲಂ ಮಾಡಿದ್ದೆ. ಊರು. ಮಹಿಳಾ ಡಬಲ್ಸ್ ಎಷ್ಟು ಅಂಕಕ್ಕೆ. ಕಾಕ್ ಹೊಸದೋ, ಹಳೆಯದೋ. ಗೆಲುವೋ, ಸೋಲೋ.

ಎರಡನೆಯ ಕಲಮಿನಲ್ಲಿ ಆರು ಸಲವೂ ಹನ್ನೊಂದು. ಮೂರನೆಯದರಲ್ಲಿ ಆರು ಸಲವೂ ಹಳೆಯದು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಿಯಮದ ಪ್ರಕಾರ ಒಂದು ಗೇಮ್ ಇಪ್ಪತ್ತೊಂದು ಅಂಕಗಳದ್ದು, ಮೂರರಲ್ಲಿ ಎರಡು ಗೇಮ್ ಗೆದ್ದವರು ಗೆದ್ದಂತೆ. ಗಂಡಸರು ಹಾಗೆಯೇ ಆಡುತ್ತಾರೆ. ನಮ್ಮ ಸರದಿ ಬಂದಾಗ ಮಾತ್ರ ಯಾರಾದರೊಬ್ಬರು ಗಡಿಯಾರ ನೋಡಿಕೊಂಡು, "ಹೆಣ್ಮಕ್ಳದ್ದು ಹನ್ನೊಂದಕ್ಕೆ ಮುಗಿಸ್ರಿ, ಒಂದೇ ಗೇಮ್" ಎನ್ನುತ್ತಾರೆ. ಗಂಡಸರು ಬಡಿದು ಬಿಸಾಡಿದ ಕಾಕ್‌ಗಳು ಒಂದು ಬುಟ್ಟಿಯಲ್ಲಿ ಬಿದ್ದಿರುತ್ತವೆ. ಅದರೊಳಗೆ ಕೈಯಾಡಿಸಿ ಇದ್ದುದರಲ್ಲಿ ನೆಟ್ಟಗಿರುವುದೊಂದನ್ನು ಆರಿಸಿ ನಮ್ಮತ್ತ ಎಸೆಯುತ್ತಾರೆ. ಗರಿ ಮುರಿದ ಕಾಕ್ ನೇರ ಹೋಗುವುದಿಲ್ಲ, ನಡುದಾರಿಯಲ್ಲಿ ತಲೆ ತಿರುಗಿದವರಂತೆ ವಾಲಿ ಬೀಳುತ್ತದೆ. ಅದನ್ನು ನೋಡಿದವರು "ಹೆಣ್ಮಕ್ಳ ಆಟದಾಗೆ ಜೋಶೇ ಇರಲ್ಲ ಬಿಡ್ರಿ" ಎಂದು ಟೀ ಕುಡಿಯಲು ಎದ್ದು ಹೋಗುತ್ತಾರೆ. ಜೋಶನ್ನು ಮೊದಲು ತಾವೇ ಬಳಸಿ, ಉಳಿದ ಹಿಪ್ಪೆಯನ್ನು ನಮಗೆ ಕೊಟ್ಟು, ಆಮೇಲೆ ನಮ್ಮಲ್ಲಿ ರಸವಿಲ್ಲ ಎನ್ನುವ ಈ ಜನಕ್ಕೆ ಏನೆನ್ನಬೇಕು?

ಎರಡು ವರ್ಷ ನಾನು ಇದನ್ನು ಎಣಿಸಿದೆನೇ ಹೊರತು ಕೇಳಲಿಲ್ಲ. ಕೇಳಬಹುದೆಂದು ತೋರಿಸಿಕೊಟ್ಟವಳು ಜಪಾನಿನ ಒಬ್ಬ ಡಬಲ್ಸ್ ಆಟಗಾರ್ತಿ. ಆಕೆಯ ಹೆಸರನ್ನು ನಾನು ಉಚ್ಚರಿಸುವ ರೀತಿಗೆ ರುಕ್ಸಾನಾ ಬಿದ್ದು ಬಿದ್ದು ನಗುತ್ತಿದ್ದಳಾದ್ದರಿಂದ ನಮ್ಮಿಬ್ಬರ ನಡುವೆ ಆಕೆ ಬರೀ 'ಜಪಾನಕ್ಕ'. ಮಧ್ಯಾಹ್ನ ಟ್ರಂಕಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊರಗೆ ತಗಡು ಬಡಿಯುವ ಸದ್ದಿನ ನಡುವೆ, ಒಂದೇ ಫೋನಿಗೆ ಇಬ್ಬರೂ ತಲೆ ತಾಗಿಸಿ ಆಕೆಯ ಹಳೆಯ ಪಂದ್ಯಗಳನ್ನೆಲ್ಲ ನೋಡಿದ್ದೇವೆ.

ಜಪಾನಕ್ಕ ನೆಟ್ಟಿನ ಹತ್ತಿರ ನಿಂತು ಆಡುವವಳು. ಹಿಂದಿನಿಂದ ಜೊತೆಗಾತಿ ಹಾರಿ ಹೊಡೆಯುತ್ತಾಳೆ. ಹೊಡೆದವಳಿಗೆ ಚಪ್ಪಾಳೆ ಬೀಳುತ್ತದೆ, ಹೊಡೆಯುವ ಹಾಗೆ ಎದುರಾಳಿಯಿಂದ ಕಾಕ್ ಎತ್ತಿಸಿಕೊಟ್ಟವಳಿಗಲ್ಲ. ಇಬ್ಬರೂ ಎಷ್ಟೋ ವರ್ಷ ಒಟ್ಟಿಗೆ ಆಡಿ ಮೇಲೇರಿದರು. ಆಮೇಲೆ ಜೊತೆಗಾತಿ ಆಟ ಬಿಟ್ಟಳು. ಡಬಲ್ಸ್‌ನ ವಿಚಿತ್ರ ನೋಡಿ, ಜೋಡಿಯ ಹೆಸರಿನಲ್ಲಿದ್ದ ಸ್ಥಾನ ಜೋಡಿ ಒಡೆದ ದಿನವೇ ಹೋಯಿತು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ತನಗಿಂತ ತುಂಬಾ ಚಿಕ್ಕವಳೊಬ್ಬಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅರ್ಹತಾ ಸುತ್ತಿನಿಂದ ಆಕೆ ಮತ್ತೆ ಶುರು ಮಾಡಿದಳು. ಆ ದಿನಗಳ ಒಂದು ಪಂದ್ಯದಲ್ಲಿ ಒಂದೇ ಅಂಕಕ್ಕಾಗಿ ನಡೆದ ಹೊಡೆತಗಳನ್ನು ನಾನು ಐದೈದರ ಗುಂಪಿನಲ್ಲಿ ಗೆರೆ ಹಾಕಿ ಎಣಿಸಿದ್ದೇನೆ. ಹತ್ತೊಂಬತ್ತನೆಯ ಗುಂಪು ತುಂಬುವಾಗ ಕಾಕ್ ನೆಲಕ್ಕೆ ಬಿತ್ತು. ಆ ಹೊತ್ತಿಗೆ ಪರದೆಯ ಹಿನ್ನೆಲೆಯಲ್ಲಿ ಅರ್ಧ ಕುರ್ಚಿಗಳು ಖಾಲಿಯಿದ್ದವು. ಟೀ ಕುಡಿಯಲು ಎದ್ದು ಹೋಗುವವರು ಅಲ್ಲೂ ಇದ್ದಾರೆಂದಾಯಿತು.

ಆದರೆ ನನ್ನ ಕಣ್ಣು ನೆಟ್ಟದ್ದು ಆಕೆಯ ಎರಡು ಸಣ್ಣ ಅಭ್ಯಾಸಗಳ ಮೇಲೆ. ಒಂದು ಗರಿ ಬಾಗಿದರೂ ಸಾಕು, ಆಕೆ ಕಾಕನ್ನು ಅಂಗೈಯಲ್ಲಿಟ್ಟುಕೊಂಡು ಅಂಪೈರ್ ಕುರ್ಚಿಯ ಬಳಿ ಹೋಗಿ, ಸ್ವಲ್ಪ ತಲೆ ಬಾಗಿಸಿ ನಿಲ್ಲುತ್ತಾಳೆ. ಎದುರಾಳಿಯೂ ಸರಿಯೆಂದು ತಲೆಯಾಡಿಸಿದರೆ ಹೊಸದು ಬರುತ್ತದೆ. ಯಾರೂ ಮುಖ ಸಿಂಡರಿಸುವುದಿಲ್ಲ. ಇನ್ನೊಂದು, ಹನ್ನೊಂದನೆಯ ಅಂಕ ಬಂದಾಗ ಆಕೆ ನೀರು ಕುಡಿಯುತ್ತಾಳೆ. ಅದು ನಿಯಮ, ಹನ್ನೊಂದಕ್ಕೆ ಒಂದು ನಿಮಿಷ ವಿರಾಮ. ಮುಖ ಒರೆಸಿಕೊಂಡು ಮತ್ತೆ ಬರುತ್ತಾಳೆ. ನಮ್ಮನ್ನು ಮನೆಗೆ ಕಳಿಸುವ ಹನ್ನೊಂದು ಆಕೆಗೆ ಬರೀ ನೀರು ಕುಡಿಯುವ ಹೊತ್ತು! ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಏಳನೆಯ ಪಂದ್ಯಾವಳಿ ಜಗಳೂರಿನದು. ಖಾಲಿಯಾದ ಮೆಕ್ಕೆಜೋಳದ ಗೋದಾಮಿನಲ್ಲಿ ಕೋರ್ಟು. ಮೊದಲ ಸಲ ನಾವು ಫೈನಲ್ ತಲುಪಿದ್ದೆವು. ಎದುರಿಗೆ ಹೊನ್ನಾಳಿಯ ಚಿಕ್ಕಮ್ಮ ಮತ್ತು ಮಗಳು. ಮಗಳೆಂದರೆ ಅಕ್ಕನ ಮಗಳು, ನರ್ಸಿಂಗ್ ಓದುವವಳು. ಪಂದ್ಯಾವಳಿಯ ಕಾರ್ಯದರ್ಶಿ ಕಂಕುಳಲ್ಲಿ ಹೊಸ ಕಾಕ್‌ಗಳ ಡಬ್ಬಿ ಇಟ್ಟುಕೊಂಡೇ ಬುಟ್ಟಿಯಿಂದ ಒಂದನ್ನು ಹೆಕ್ಕಿ ಎಸೆದರು. "ಹನ್ನೊಂದಕ್ಕೆ ಮುಗಿಸ್ರವ್ವ. ಮುಖ್ಯ ಅತಿಥಿಗಳು ಬರೋ ಹೊತ್ತಾತು, ಗಂಡಸ್ರ ಫೈನಲ್ ಅವ್ರ ಮುಂದೆ ಆಡಿಸ್ಬೇಕು."

ರುಕ್ಸಾನಾ ಅದನ್ನು ಅಂಗೈಯಲ್ಲಿಟ್ಟುಕೊಂಡು, ಅಂಪೈರ್ ಆಗಿದ್ದ ಪಿ.ಟಿ. ಮೇಷ್ಟ್ರ ಕುರ್ಚಿಯ ಬಳಿ ಹೋಗಿ, ಥೇಟ್ ಜಪಾನಕ್ಕನ ಹಾಗೆ ತಲೆ ಬಾಗಿಸಿ ನಿಂತಳು.

"ಏನಮ್ಮಾ ಇದು, ಆರತಿ ತಟ್ಟೆ ಹಿಡಿದಂಗೆ?" ಎಂದು ಕಾರ್ಯದರ್ಶಿ ನಕ್ಕರು. ಗೋಡೆಯ ಬಳಿ ಕೂತವರೂ ನಕ್ಕರು.

"ಗರಿ ಮುರಿದೈತೆ ಸಾರ್. ಹೊಸದು ಕೊಡ್ರಿ."

"ಹತ್ತು ನಿಮಿಷದ ಆಟಕ್ಕೆ ಹೊಸದಾ?"

ಅವಳು ಅಲ್ಲಾಡಲಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಆಗ ನೆಟ್ಟಿನ ಆ ಕಡೆಯಿಂದ ಹೊನ್ನಾಳಿಯ ಚಿಕ್ಕಮ್ಮ ಬಗ್ಗಿ ಈ ಕಡೆ ಬಂದರು, ಹಿಂದೆ ಮಗಳು. "ನಮ್ಗೂ ಇದ್ರಾಗೆ ಆಡಾಕೆ ಆಗಲ್ರಿ. ಅವ್ರಿಗೆ ಸೊಟ್ಟ ಹೋಗಿದ್ದು ನಮ್ಗೇನು ನೆಟ್ಟಗೆ ಬರ್ತದಾ?" ನಾಲ್ವರೂ ಸಾಲಾಗಿ ನಿಂತೆವು. ಕೊನೆಗೆ ಪಿ.ಟಿ. ಮೇಷ್ಟ್ರೇ ಬೇಸತ್ತು, "ಒಂದು ಕೊಟ್ಬಿಡ್ರಿ ಸಾರ್, ಅತ್ಲಾಗೆ" ಎಂದರು. ಡಬ್ಬಿ ತೆರೆಯಿತು. ಹದಿನಾರು ಗರಿ, ಎಣಿಸಿಯೇ ಸರ್ವಿಸ್ ಮಾಡಿದೆ.

ಹೊಡೆದಲ್ಲಿಗೆ ಹೋಗುವ ಕಾಕ್ ಎಂದರೆ ಏನೆಂದು ಅವತ್ತು ಗೊತ್ತಾಯಿತು. ಹನ್ನೊಂದು–ಎಂಟು. ಮುಂದಿದ್ದವರು ನಾವು.

"ಮುಗೀತು! ಚನ್ನಗಿರಿಯವ್ರು ಗೆದ್ರು. ಕೈ ಕೊಡ್ರಿ" ಎಂದು ಕಾರ್ಯದರ್ಶಿ ರಿಜಿಸ್ಟರಿನಲ್ಲಿ ಬರೆದೇಬಿಟ್ಟರು. ಮೇಷ್ಟ್ರು ಕುರ್ಚಿಯಿಂದಿಳಿದರು. ನನಗೆ ಆ ಕಪ್ ಬೇಕಿತ್ತು, ಓದುಗರೇ. ನಾಲ್ಕನೆಯ ಕಲಮಿನಲ್ಲಿ 'ಗೆಲುವು' ಎಂದು ಬರೆಯುವ ಆಸೆ ಎರಡು ವರ್ಷದ್ದು. ಯಾವ ಹನ್ನೊಂದನ್ನು ಇಷ್ಟು ದಿನ ಶಪಿಸಿದ್ದೆನೋ ಅದೇ ಈಗ ನನ್ನ ಕೈಗೆ ಕಪ್ ಕೊಡುತ್ತಿತ್ತು. ನೆಟ್ಟಿನ ಆಚೆ ಚಿಕ್ಕಮ್ಮ ನಮ್ಮನ್ನೇ ನೋಡುತ್ತಿದ್ದರು. ಅವರು ಕೇಳಲಾರರು, ಸೋತವರು ಕೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಕೇಳಬೇಕಾದವರು ಗೆದ್ದವರು.

ರುಕ್ಸಾನಾ ಬಾಟಲಿ ತೆರೆದು ಎರಡು ಗುಟುಕು ಕುಡಿದಳು, ನನಗೆ ಕೊಟ್ಟಳು. "ಕುಡಿಯೇ ಲೆಕ್ಕದ ಮೇಷ್ಟ್ರೇ. ಒಂದೇ ನಿಮಿಷ ಇರಾದು."

ಕುಡಿದೆ. ಮುಖ ಒರೆಸಿಕೊಂಡು ಇಬ್ಬರೂ ಮತ್ತೆ ನಮ್ಮ ನಮ್ಮ ಜಾಗಕ್ಕೆ ಹೋದೆವು. ಚಿಕ್ಕಮ್ಮನ ಮುಖದಲ್ಲಿ ನಗು ಹರಡಿತು. "ಹನ್ನೊಂದು–ಎಂಟು, ಸರ್ವಿಸ್ ಮಾಡ್ರಿ" ಎಂದು ನರ್ಸಿಂಗ್ ಹುಡುಗಿ ಕೂಗಿದಳು.

"ಏ, ಕೋರ್ಟ್ ಬಿಡ್ರವ್ವ!" ಎಂದರು ಕಾರ್ಯದರ್ಶಿ.

"ಅತಿಥಿಗಳು ಬರ್ಲಿ, ಬಿಡ್ತೀವಿ" ಎಂದಳು ರುಕ್ಸಾನಾ.

ಅತಿಥಿಗಳು ಇನ್ನೂ ಬಂದಿರಲಿಲ್ಲ. ಎರಡನೆಯ ಗೇಮಿನ ನಡುವೆ, ಸರ್ವಿಸ್ ಈ ಕಡೆಯಿಂದ ಆ ಕಡೆಗೆ ಹೋದಾಗ, ಟೀ ಲೋಟ ಹಿಡಿದು ನಿಂತಿದ್ದ ಪಿ.ಟಿ. ಮೇಷ್ಟ್ರು ತಮಗೇ ತಿಳಿಯದಂತೆ "ಸರ್ವಿಸ್ ಓವರ್" ಎಂದರು. ಆಮೇಲೆ ಲೋಟ ಕೆಳಗಿಟ್ಟು ಕುರ್ಚಿ ಹತ್ತಿದರು. ಡೈರಿಯಲ್ಲಿ ಇರುವುದು ಹೀಗೆ: ಹತ್ತೊಂಬತ್ತು–ಇಪ್ಪತ್ತೊಂದು, ಇಪ್ಪತ್ತೊಂದು–ಹದಿನೇಳು, ಹದಿನೆಂಟು–ಇಪ್ಪತ್ತೊಂದು. ಸೋಲು. ನಮ್ಮ ಆಟ ನಡೆದದ್ದು ಒಂದು ಗಂಟೆ ಎರಡು ನಿಮಿಷ. ಅತಿಥಿಗಳು ತಡವಾಗಿ ಬಂದದ್ದು ಒಂದು ಗಂಟೆ ಹತ್ತು ನಿಮಿಷ. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆದು, ಕೆಳಗೆ ಹಾಳೆ ಹರಿಯುವಂತೆ ಗೆರೆ ಎಳೆದೆ. ನಮ್ಮಿಂದ ಉಳಿಸುತ್ತಿದ್ದ ಸಮಯವೆಲ್ಲ ಹೋಗುತ್ತಿದ್ದದ್ದು ಎಲ್ಲಿಗೆ? ಖಾಲಿ ಕೋರ್ಟಿಗೆ, ಬರದ ಕಾರಿನ ದಾರಿ ಕಾಯುವುದಕ್ಕೆ.

ಬಹುಮಾನ ಕೊಡುವಾಗ ಕಪ್ ನಮಗೇ ಬಂತು. "ಬರೆದಾಗೈತೆ, ಇನ್ನು ತಿದ್ದಾಕೆ ಆಗಲ್ಲ" ಎಂದರು ಕಾರ್ಯದರ್ಶಿ. ಅವರ ರಿಜಿಸ್ಟರಿನಲ್ಲಿ ಇವತ್ತಿಗೂ ನಾವೇ ಚಾಂಪಿಯನ್ನರು, ಅದು ಸುಳ್ಳು. ಬಸ್ ಸ್ಟ್ಯಾಂಡಿನಲ್ಲಿ ರುಕ್ಸಾನಾ ಆ ಕಪ್ಪನ್ನು ಚಿಕ್ಕಮ್ಮನ ಚೀಲಕ್ಕೆ ತುರುಕಿದಳು. "ತಗಳ್ರಿ ಆಂಟಿ, ನಮ್ಮನೇಲಿ ತಗಡಿಗೇನು ಬರ ಇಲ್ಲ."

"ಹಂಗಾರೆ ಇದು ನೀವಿಟ್ಕಳ್ರಿ" ಎಂದು ಅವರು ನನ್ನ ಕೈಗೆ ಕೊಟ್ಟದ್ದು, ಅವತ್ತು ನಾವು ಕೇಳಿ ಪಡೆದು ಆಡಿದ ಈ ಕಾಕ್.

ಅಮ್ಮ ನಾಳೆಯೂ ಇದನ್ನು ಕಸದ ಮೊರಕ್ಕೆ ಹಾಕಲು ನೋಡುತ್ತಾಳೆ. ಹಳೆಯದನ್ನು ಇಟ್ಟುಕೊಂಡಿದ್ದೇನೆಂಬುದು ಅವಳ ದೂರು. ಆದರೆ ಇದಕ್ಕೂ ಮುಂಚೆ ನಮ್ಮ ಕೈಗೆ ಬಂದ ಕಾಕ್‌ಗಳೆಲ್ಲ ಇನ್ನೊಬ್ಬರು ಮುರಿದವು. ಇದು ಬಂದಾಗ ಹದಿನಾರು ಗರಿಗಳೂ ನೆಟ್ಟಗಿದ್ದವು. ಉದುರಿದ ನಾಲ್ಕು, ನೇತಾಡುವ ಮೂರು, ಒಟ್ಟು ಏಳು. ಏಳನ್ನೂ ಮುರಿದವರು ನಾವು ನಾಲ್ವರೇ.