ಕೆಂಪು ಮರಿಯ ಬಗ್ಗೆ ಆದ ತೀರ್ಮಾನ

ಭೀಮಾ ದಂಡೆಯವರಿಗೆ ಮೀನು ಗೊತ್ತು, ಕೋಳಿ ಗೊತ್ತಿಲ್ಲ ಎಂಬ ಮಾತನ್ನು ನನ್ನ ಹೆಂಡತಿಯ ತಮ್ಮ ನಮ್ಮ ಮದುವೆಯ ಪಂಕ್ತಿಯಲ್ಲಿಯೇ ಆಡಿದ್ದ. ನಾನು ಆ ದಂಡೆಯವನು. ಆಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಅದನ್ನು ಕೇಳಿ ನಕ್ಕವರು ಯಾರು ಯಾರು ಎಂಬುದು ನನಗೆ ನೆನಪಿದೆ. ಕೆಲವರು ಈಗ ಬದುಕಿಲ್ಲವಾದ್ದರಿಂದ ಅವರನ್ನು ಲೆಕ್ಕದಿಂದ ಬಿಟ್ಟಿದ್ದೇನೆ.

ನಾನು ವಾಡಿಯ ಹತ್ತಿರ ಕಲ್ಲಿನ ಗಣಿಯೊಂದರಲ್ಲಿ ಲಾರಿ ತೂಗುವ ಕಾಟಾದ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ನನ್ನ ಕಣ್ಣಿನ ಮೇಲೆ ನನಗೆ ಭರವಸೆಯಿತ್ತು. ಆ ಕಣ್ಣಿಗೇ ಪೊರೆ ಬಂದು, ಕಲಬುರಗಿಯಲ್ಲಿ ಅದನ್ನು ತೆಗೆಸಿಕೊಂಡು ಶಹಾಬಾದಿನ ಮನೆಗೆ ಮರಳಿದ ಕೆಲವೇ ದಿನಗಳಲ್ಲಿ ನನ್ನ ಹೆಂಡತಿ ಸೇಡಂ ಸಂತೆಯಿಂದ ಕೆಂಪು ಕೋಳಿಮರಿಯೊಂದನ್ನು ತಂದಳು. ಚಿಂಚೋಳಿ ಕಡೆಯ ಮುದುಕಿಯೊಬ್ಬಳು ಬುಟ್ಟಿಯಲ್ಲಿಟ್ಟು ಮಾರುತ್ತಿದ್ದಳಂತೆ.

“ಇದ್ಯಾಕ?” ಎಂದು ಕೇಳಿದೆ.

“ಕುಂತ ಕುಂತ ಬ್ಯಾಸರ ಮಾಡ್ಕೊಳ್ಳಾಕತ್ತೀರಿ. ಇರ್ಲಿ, ನಿಮ್ಗ ಹೊತ್ತು ಹೋಗ್ತದ” ಎಂದಳು.

ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಾನು ಇಡೀ ದಿನ ಅಂಗಳದ ಕುರ್ಚಿಯಲ್ಲಿರುತ್ತಿದ್ದೆ. ಮರಿ ನನ್ನ ಪಾದದ ಮೇಲೆ ಹತ್ತಿ ನಿದ್ದೆ ಮಾಡುತ್ತಿತ್ತು. ಅದು ಎಚ್ಚರಾಗುವವರೆಗೆ ನಾನು ಕಾಲು ಅಲುಗಿಸುತ್ತಿರಲಿಲ್ಲ.

ನನ್ನ ಕಣ್ಣು ನೋಡಿ ಮಾತಾಡಿಸಲೆಂದು ಕೋಡ್ಲಾ ಹತ್ತಿರದ ತನ್ನ ಹಳ್ಳಿಯಿಂದ ಹೆಂಡತಿಯ ತಮ್ಮ ಬಂದ. ಕಣ್ಣಿನ ವಿಷಯ ಕೇಳುವ ಮೊದಲೇ ಮರಿಯನ್ನು ಎತ್ತಿಕೊಂಡು, “ಗಿರಿರಾಜ ಅದ ಅಕ್ಕಾ. ಹ್ಯಾಂಟಿ” ಎಂದ. ಒಂದೇ ಉಸಿರಿನಲ್ಲಿ ಎರಡು ತೀರ್ಪು, ತಳಿ ಗಿರಿರಾಜ, ಮರಿ ಹೇಂಟೆ. ಮರಿಯನ್ನು ಪಾದದ ಮೇಲೆ ಮಲಗಿಸಿಕೊಳ್ಳುತ್ತಿದ್ದ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಗಿರಿರಾಜ ಕೋಳಿಯ ಕಾಲು ದಪ್ಪ, ಮೈ ಭಾರ. ಅದು ನೆಲ ಬಿಟ್ಟು ಹಾರಲು ಮನಸ್ಸು ಮಾಡುವುದಿಲ್ಲ. ನಮ್ಮ ಮರಿಯ ಕಾಲುಗಳು ತೊಗರಿ ಕಟ್ಟಿಗೆಯಂತೆ ತೆಳ್ಳಗಿದ್ದವು. ರೆಕ್ಕೆ ಬಲಿಯುತ್ತಲೇ ಅದು ಕಂಪೌಂಡಿನ ಗೋಡೆ ಏರಿತು. ಜವಾರಿ, ಅಂದರೆ ನಾಟಿ ಕೋಳಿ ಎನ್ನಲು ಇನ್ನೇನು ಬೇಕು? ಮುಂದಿನ ಸಲ ಬಂದಾಗ ಅವನು ಗೋಡೆಯ ಮೇಲಿದ್ದ ಮರಿಯನ್ನು ನೋಡಿ, “ಜವಾರಿ ಇರಬಹುದು” ಎಂದ. ‘ಇರಬಹುದು’ ಎಂದನೇ ಹೊರತು ‘ಹೌದು’ ಎನ್ನಲಿಲ್ಲ. ಹೇಂಟೆಯೆಂಬ ಮಾತನ್ನಂತೂ ಬಿಡಲೇ ಇಲ್ಲ.

ಜುಟ್ಟು ಬೇಗ ಕೆಂಪೇರಿದರೆ ಹುಂಜ ಎನ್ನುತ್ತಾರೆ. ಅದೊಂದನ್ನೇ ನಂಬಿದವನು ಮೋಸಹೋಗುತ್ತಾನೆ. ಕೆಲವು ಹೇಂಟೆಗಳ ಜುಟ್ಟೂ ಬೇಗ ಕೆಂಪಾಗುತ್ತದೆ. ನಂಬಬೇಕಾದುದು ಬಾಲದ ಬುಡದಲ್ಲಿ, ಬೆನ್ನಿನ ಮೇಲೆ ಹೊಸದಾಗಿ ಬರುವ ಗರಿಗಳನ್ನು. ಹೇಂಟೆಯ ಗರಿಗಳ ತುದಿ ದುಂಡಗಿರುತ್ತದೆ. ಹುಂಜದವು ಕಿರಿದಾಗಿ, ಚೂಪಾಗಿ, ಎಣ್ಣೆ ಸವರಿದಂತೆ ಮಿರುಗುತ್ತವೆ. ಒಂದು ಬೆಳಿಗ್ಗೆ ಮರಿ ಬಿಸಿಲಿಗೆ ಬೆನ್ನೊಡ್ಡಿ ನಿಂತಾಗ ನನ್ನ ಹೊಸ ಕಣ್ಣಿಗೆ ಆ ಚೂಪು ಗರಿಗಳು ಸ್ಪಷ್ಟವಾಗಿ ಕಂಡವು.

“ಬಾ ಇಲ್ಲಿ, ನೋಡು. ಹುಂಜ. ನಿನ್ನ ತಮ್ಮಗ ಈಗೇ ಫೋನ್ ಹಚ್ಚು” ಎಂದೆ.

ಅವಳು ಹಿಟ್ಟಿನ ಕೈಯಲ್ಲಿಯೇ ಬಂದು ನೋಡಿ, ಆ ಕೈಗಳನ್ನೇ ಜೋಡಿಸಿದಳು. “ಹಂಗಾದ್ರ ಇದು ಮರಗಮ್ಮಗ ಮುಟ್ಟಬೇಕ್ರಿ. ನಿಮ್ಮ ಕಣ್ಣು ಬರ್ಲಿ ಅಂತ ಬೇಡ್ಕೊಂಡೀನಿ.”

ಅವಳ ತವರೂರಿನ ಸೀಮೆಯಲ್ಲಿರುವ ಆ ದೇವಿಗೆ ಹರಕೆಯ ಹುಂಜ ಜವಾರಿಯೇ ಆಗಿರಬೇಕು, ಹರಕೆ ಹೊತ್ತವರ ಮನೆಯ ಕಾಳು ತಿಂದೇ ಬೆಳೆದಿರಬೇಕು. ಸಾಕಿದ ಮರಿ ಹೇಂಟೆಯಾದರೆ ದೇವಿಗೆ ಜೀವ ಬೇಡವೆಂದು ಅರ್ಥ. ಆಗ ಉಡಿ ತುಂಬಿ ಕಾಯಿ ಒಡೆದರೆ ಹರಕೆ ತೀರುತ್ತದೆ.

“ಮೊದ್ಲೇ ಯಾಕ ಹೇಳ್ಲಿಲ್ಲ?”

“ಹುಂಜ ಅಂತ ತಿಳಿಯೋ ತನಕ ಬಾಯಿ ಬಿಡಬಾರ್ದು. ತಿಳಿಸಿದವ್ರು ನೀವೇ ಅದೀರಲ್ಲ.”

ಅವಳ ಮೇಲೆ ಸಿಟ್ಟಾಗುವಂತಿರಲಿಲ್ಲ, ಬೇಡಿಕೊಂಡದ್ದು ನನಗಾಗಿ. ಆಡಿದ ಮಾತನ್ನು ಹಿಂದಕ್ಕೆ ಪಡೆಯೋಣವೆಂದರೆ, ಗರಿ ಎತ್ತಿ ಸಾಕ್ಷಿ ಸಮೇತ ತೋರಿಸಿದವನು ನಾನೇ. ಅಂಗೈಯಲ್ಲಿ ನೆನೆಸಿದ ಜೋಳ ಹಿಡಿದರೆ ಚರ್ಮಕ್ಕೆ ಕೊಕ್ಕು ತಾಗದಂತೆ ಹೆಕ್ಕುವ ಆ ಜೀವಕ್ಕೆ ಇದೆಲ್ಲ ಏನು ಗೊತ್ತು?

ಹುಂಜವನ್ನು ಒಯ್ಯಲು ಹೆಂಡತಿಯ ತಮ್ಮ ಮೋಟಾರ್ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಬಂದ. ಅದು ನನ್ನ ತೊಡೆಯ ಮೇಲಿತ್ತು. ಅವನು ಎತ್ತಿದ, ಅದು ಕೊಸರಿಕೊಂಡು ಮತ್ತೆ ನನ್ನ ತೊಡೆಗೇ ಬಂದು ಕುಳಿತಿತು. ಅವನು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹೆಬ್ಬೆರಳಿನಿಂದ ಅದರ ಬೆನ್ನಿನ ಗರಿಗಳನ್ನು ಬಿಡಿಸಿದ. ಚೂಪು ಗರಿಯೊಂದರ ಮೇಲೆ ಹೆಬ್ಬೆರಳು ನಿಂತಿತು. ನಂತರ ಅವನ ನೋಟ ಹಕ್ಕಿಯನ್ನು ಸುತ್ತಿ ಹಿಡಿದಿದ್ದ ನನ್ನ ಕೈಗಳಿಗೆ ಬಂತು.

“ಅಕ್ಕಾ, ಇದಕ್ಕ ಹುಂಜ ಅಂದವ್ರು ಯಾರು?”

“ನಿಮ್ಮ ಮಾವಾರೇ.”

“ಮಾವಾರ ಕಣ್ಣಾಗ ಡಾಕ್ಟರು ಇನ್ನಾ ಹತ್ತಿ ಬಿಟ್ಟಾರ ಅನಸ್ತದ. ಹ್ಯಾಂಟಿ ಅದ ಇದು. ಅವತ್ತೇ ಹೇಳಿದ್ದೆ.”

ಹುಟ್ಟಿದಾಗಿನಿಂದ ಕೋಳಿಗಳ ನಡುವೆ ಬೆಳೆದವನು ಅದನ್ನು ತಿಳಿಯದೆ ಹೇಳಿದನೆಂದು ನಾನು ಒಪ್ಪಲಾರೆ. ಹೆಂಡತಿ ನನ್ನ ಕಡೆ ತಿರುಗಿದಳು. “ಏನ್ರಿ, ನೀವೇನಂತೀರಿ?”

ಒಂದು ಗರಿಯನ್ನು ಬೆಳಕಿಗೆ ಹಿಡಿದಿದ್ದರೆ ಸಾಕಿತ್ತು. ಇಷ್ಟು ವರ್ಷಗಳ ಬಾಕಿಯೆಲ್ಲ ಅಲ್ಲಿಯೇ ತೀರುತ್ತಿತ್ತು. ನಾನು ಗರಿಯನ್ನು ಕೈಯಿಂದ ಮುಚ್ಚಿದೆ.

“ಅವಾ ಅಂದದ್ದೇ ಖರೆ. ನಂಗ ತಿಳೀಲಿಲ್ಲ.”

ಹೆಂಡತಿಯ ತವರಿನವರೆದುರು ನಾನು ಆಡಿದ ಇಂಥ ಮಾತು ಅದೊಂದೇ. ಅವನು ನಗಲಿಲ್ಲ. ಚಹಾ ಕುಡಿದ, ಚೀಲ ಮಡಚಿದ, ಹೊರಡುವಾಗ ನನ್ನ ಕಾಲು ಮುಟ್ಟಿದ. ಅವನು ಆಡಿದ ಮಾತುಗಳ ಜೊತೆಗೆ ಇದನ್ನೂ ನೆನಪಿಟ್ಟಿದ್ದೇನೆ.

ಹೆಂಡತಿ ತವರಿಗೆ ಹೋಗಿ ದೇವಿಗೆ ಉಡಿ ತುಂಬಿ, ಕಾಯಿ ಒಡೆಸಿ ಬಂದಳು. ಅದಾದ ಸ್ವಲ್ಪ ದಿನಕ್ಕೆ ನಮ್ಮ ಹೇಂಟೆ ಬೆಳಗಾಗುತ್ತಲೇ ಗೋಡೆ ಏರಿ, ಕತ್ತು ಚಾಚಿ, ಓಣಿಗೆಲ್ಲ ಕೇಳುವಂತೆ ಕೂಗಿತು. ನಾನು ಕುರ್ಚಿಯಲ್ಲಿ ಬಿಗಿಯಾಗಿ ಕುಳಿತು ಅಡುಗೆಮನೆಯ ಕಡೆ ನೋಡಿದೆ. ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

“ಈ ಹ್ಯಾಂಟಿದು ಬಾಯಿ ಭಾಳ ಆಯ್ತ್ರಿ” ಎಂದು ಅವಳು ಒಳಗಿನಿಂದಲೇ ಹೇಳಿದಳು. “ಹಸಿದದ ಏನೋ. ನಾಕು ಕಾಳು ಹಾಕ್ರಿ.”

ಎದ್ದು ಹಾಕಿದೆ.