ಸೊನ್ನೆ ಎಂಬ ಸಭ್ಯ ಉತ್ತರ

ತಪ್ಪು ತೋರಿಸುವುದನ್ನೇ ಕಸುಬು ಮಾಡಿಕೊಂಡು ಸಂಬಳ ಪಡೆದವಳು ನಾನು. ಎಪ್ಪತ್ತರ ದಶಕದಲ್ಲಿ ಜರ್ಸಿ ಸಿಟಿಯ ಒಂದು ಕಚೇರಿಯಲ್ಲಿ, ಗಣಿತದ ಸೂತ್ರಗಳನ್ನು ಓದಿ ಲೆಕ್ಕ ಮಾಡುವುದನ್ನು ಕಂಪ್ಯೂಟರಿಗೆ ಕಲಿಸುತ್ತಿದ್ದೆ. ಎಂಜಿನಿಯರುಗಳು ಸೂತ್ರವನ್ನು ಕಾರ್ಡುಗಳಲ್ಲಿ ತೂತು ಕೊರೆಸಿ ಕೊಡುವರು. ನಮ್ಮ ಪ್ರೋಗ್ರಾಮು ಅದನ್ನು ಬಿಡಿಸಿ ಓದಿ ಉತ್ತರ ಅಚ್ಚು ಹಾಕುವುದು. ಸರಿಯಾದ ಸೂತ್ರಕ್ಕೆ ಉತ್ತರ ಕೊಡುವುದು ಯಾವ ದೊಡ್ಡ ಕೆಲಸ? ತೆರೆದ ಬ್ರಾಕೆಟ್ಟು ಮುಚ್ಚಲು ಮರೆತವರಿಗೆ, ಸೊನ್ನೆಯಿಂದ ಭಾಗಿಸ ಹೊರಟವರಿಗೆ ಏನು ಹೇಳಬೇಕು ಎಂಬುದೇ ನನ್ನ ಪಾಲಿಗೆ ಬಂದ ಕೆಲಸ.

ಮೇಲಧಿಕಾರಿ ವಾಲ್ಟರ್ ಸಜ್ಜನ. ತಪ್ಪಿದ್ದಲ್ಲಿ ಸೊನ್ನೆ ಎಂದು ಅಚ್ಚು ಹಾಕಿ ಮುಂದೆ ಹೋಗಲಿ, ಯಾರ ಮನಸ್ಸನ್ನೂ ನೋಯಿಸುವುದು ಬೇಡ ಎನ್ನುತ್ತಿದ್ದ. ನಾನು ಒಪ್ಪಲಿಲ್ಲ. ಸೊನ್ನೆಯೂ ಒಂದು ಉತ್ತರವೇ; ಅದನ್ನು ನಂಬಿ ಯಾರಾದರೂ ಸೇತುವೆ ಕಟ್ಟಿಬಿಟ್ಟರೆ? ಎಲ್ಲಿ ಎಡವಿದೆ ಎಂದು ಬೆರಳಿಟ್ಟು ತೋರಿಸಬೇಕು. ಕೊನೆಗೆ ನನ್ನ ಮಾತೇ ನಡೆಯಿತು.

ಈ ಹಟ ನನಗೆ ಬಂದದ್ದು ಕಾಲೇಜಿನಿಂದಲ್ಲ, ಮೈಸೂರಿನ ನನ್ನ ಅತ್ತೆಯಿಂದ. ಆ ಮನೆಯಲ್ಲಿ ಗಡಿಯಾರವೇ ಅವರನ್ನು ನೋಡಿ ನಡೆಯುತ್ತಿತ್ತು. ಒಗ್ಗರಣೆ ಸೀದರೆ ಹಜಾರದಿಂದಲೇ ಹೇಳುವರು. ಮಡಿಸಿದ ಸೀರೆಯ ಅಂಚು ಓರೆಯಾದರೆ ಬಿಚ್ಚಿ ಮತ್ತೆ ಮಡಿಸು ಎನ್ನುವರು. ಆಗ ಬೇಸರ ಬರುತ್ತಿತ್ತು. ಈ ದೇಶಕ್ಕೆ ಬಂದು, ಮಾಡಿದ್ದಕ್ಕೆಲ್ಲ ‘ವಂಡರ್‌ಫುಲ್’ ಎನ್ನುವವರ ನಡುವೆ ಬಾಳತೊಡಗಿದ ಮೇಲೆ ಆ ದನಿಗಾಗಿ ಹಂಬಲಿಸಿದೆ.

ಒಂದು ಬೇಸಿಗೆಯಲ್ಲಿ ಅತ್ತೆ ಬಂದರು. ಸುಧಾರಿಸಿಕೊಳ್ಳಿ ಎಂದು ಕುರ್ಚಿ ತೋರಿಸಿದೆ. ಒಲೆಯ ಹತ್ತಿರ ಬಿಡಲಿಲ್ಲ. ಅವರು ಕೂತರು. ಏನು ಬಡಿಸಿದರೂ ಚೆನ್ನಾಗಿದೆಯಮ್ಮ ಎಂದರು. ಬೇಕೆಂದೇ ಸಾರಿಗೆ ಉಪ್ಪು ಹಾಕದೆ ನೋಡಿದೆ. ಚೆನ್ನಾಗಿದೆಯಮ್ಮ. ವಾಲ್ಟರನ ಸೊನ್ನೆ ನನ್ನ ಊಟದ ಮೇಜಿಗೇ ಬಂದು ಕೂತಿತ್ತು. ಬೈಯುವ ಅಧಿಕಾರವನ್ನು ಮೈಸೂರಿನಲ್ಲೇ ಬಿಟ್ಟು ಬಂದಿದ್ದಾರೆಂದರೆ ಇದು ಅವರಿಗೆ ತಮ್ಮ ಮನೆಯಲ್ಲ, ಯಾರದೋ ಮನೆ. ಹೀಗೇ ಹೊರಟುಬಿಟ್ಟರೆ ಮತ್ತೆ ಬಂದಾರೆಂದು ಹೇಗೆ ನಂಬಲಿ?

ಹೊರಡುವ ದಿನ, ವಿಮಾನ ನಿಲ್ದಾಣದಲ್ಲಿ ನನ್ನವರು ಪೆಟ್ಟಿಗೆ ತೂಗಿಸಲು ಹೋಗಿದ್ದರು. ಅತ್ತೆ ನನ್ನ ಪುಟ್ಟ ಮಗಳ ತಲೆ ಸವರುತ್ತಿದ್ದರು. ಸವರುತ್ತಿದ್ದ ಕೈ ನಿಂತಿತು.

“ಮಗೂಗೆ ಇಷ್ಟು ಬಿಗಿಯಾಗಿ ಜಡೆ ಹಾಕ್ತಾರೇನೇ? ಹುಬ್ಬು ಹಣೆಗೆ ಏರಿಬಿಟ್ಟಿದೆ. ಬಂದ ದಿನದಿಂದ ನೋಡ್ತಿದೀನಿ.”

“ಇನ್ನೇನತ್ತೆ?” ಎಂದೆ, ಆಸೆಯಿಂದ.

ಶುರುವಾಯಿತು. ಹುಣಸೆರಸ ಕುದಿಯುವ ಮೊದಲೇ ಬೇಳೆ ಸುರಿಯುತ್ತೇನಂತೆ. ಕಿಟಕಿಯ ಪರದೆ ಗಿಡ್ಡವಂತೆ. ಗಂಡನನ್ನು ಊಟಕ್ಕೆ ಕರೆಯುವಾಗಲೂ ನನ್ನದು ಆಫೀಸಿನ ದನಿಯಂತೆ. ಆ ಉಪ್ಪಿಲ್ಲದ ಸಾರನ್ನಂತೂ ದೇವರ ಹೆಸರು ಹೇಳಿಕೊಂಡು ನುಂಗಿದರಂತೆ. ಅಷ್ಟರಲ್ಲಿ ವಿಮಾನಕ್ಕೆ ಕರೆದರು.

“ಇನ್ನೂ ಇದೆ ಕಣೇ. ಎಲ್ಲಾ ಹೇಳ್ತಾ ಕೂತ್ರೆ ವಿಮಾನ ಹೋಗ್ಬಿಡತ್ತೆ.”

“ಉಳಿದದ್ದು ಹೇಳೋಕೆ ಮುಂದಿನ ವರ್ಷ ಬನ್ನಿ ಅತ್ತೆ.”

“ಅಲ್ಲೀವರೆಗೆ ನೀನೇನು ಸುಮ್ನೆ ಇರ್ತೀಯಾ? ಇನ್ನಷ್ಟು ಆಗಿರತ್ತೆ,” ಎಂದು ಸೆರಗು ಸರಿಮಾಡಿಕೊಂಡು ನಡೆದರು.

ಕಾರಿನಲ್ಲಿ ನನ್ನವರು, ಅಮ್ಮ ಏನಂದರು ಎಂದು ಕೇಳಿದರು. ಮತ್ತೆ ಬರುತ್ತಾರಂತೆ ಎಂದೆ. ಅತ್ತೆ ಆ ಮಾತು ಆಡಿರಲಿಲ್ಲ, ನಿಜ. ಆದರೆ ಅಷ್ಟನ್ನು ಹೊಟ್ಟೆಯಲ್ಲಿ ಉಳಿಸಿಕೊಂಡು ಯಾವ ಅತ್ತೆ ತಾನೇ ಊರಲ್ಲಿ ನೆಮ್ಮದಿಯಾಗಿ ಕೂತಾರು?