ಬೆಕ್ಕುಗಳ ರಥ

ಮೀನಿನ ಡಬ್ಬಿಯ ವಾಸನೆ ನನಗೆ ಇವತ್ತಿಗೂ ಆಗದು. ನಿನ್ನೆ ಮಗಳು ಕೆಳಗಿನ ಬೆಕ್ಕಿಗೆಂದು ಟ್ಯೂನಾ ಡಬ್ಬಿ ತೆರೆದಾಗ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡಿದೆ. ಅಲ್ಲಿ ನೆನಪಾದವರು ಮೂರನೇ ಮಹಡಿಯ ನಾರ್ವೆ ಮೇಡಂ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗಲೂ ಕೊಲ್ಲಿ ನಾಡಿನ ಇದೇ ಅಬು ಹಲೀಫಾ, ಇದೇ ಕಟ್ಟಡ. ರಿಫೈನರಿಯಲ್ಲಿ ಪೈಪುಗಳ ಒತ್ತಡ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಒತ್ತಡ ನೋಡುವವರಿರಲಿಲ್ಲ. ಬೇರೆ ಜಾತಿಯ ನರ್ಸ್ ಒಬ್ಬಳನ್ನು ಮದುವೆಯಾಗುತ್ತೇನೆಂದು ಬಾಗಲಕೋಟೆಯ ಅವ್ವನಿಗೆ ಫೋನಿನಲ್ಲಿ ಹೇಳಬೇಕಿತ್ತು. ರೂಮಿನಲ್ಲಿ ಇನ್ನಿಬ್ಬರಿದ್ದರು, ಹಾಗಾಗಿ ರಸ್ತೆಯ ಬೂತೇ ಗತಿ. ಮೂರು ಶುಕ್ರವಾರ ಮೆಟ್ಟಿಲಿಳಿದೆ. ಮೂರು ಸಲವೂ ಬೆಕ್ಕು ಅಡ್ಡ ಬಂತು, ವಾಪಸಾದೆ. ನಾಲ್ಕನೆಯದೂ ತಪ್ಪಿದರೆ ಮನೆಯವರು ನೋಡಿದ ಹುಡುಗನಿಗೆ ಹೂಂ ಅನ್ನುತ್ತೇನೆ ಎಂದಳು ನನ್ನವಳು.

ನಾಲ್ಕನೆಯ ಶುಕ್ರವಾರವೂ ಬೆಕ್ಕು! ಮೆಟ್ಟಿಲ ಮೇಲೆ ಕೂತು ಅವಕ್ಕೆ ಮೀನು ಹಾಕುತ್ತಿದ್ದ ಮೇಡಂ, ಹಿಂದಿರುಗುತ್ತಿದ್ದ ನನ್ನನ್ನು ತಡೆದು ವಿಷಯ ಕೇಳಿದರು. ಹೇಳಿದೆ. ಬಿದ್ದು ಬಿದ್ದು ನಕ್ಕರು.

"ನಮ್ಮ ಕಡೆ ಪ್ರೇಮದ ದೇವತೆ ಫ್ರೇಯಾ. ಅವಳ ರಥ ಎಳೆಯುವುದೇ ಎರಡು ಬೆಕ್ಕು. ಇದು ಅಪಶಕುನವಲ್ಲ ಎಂಜಿನಿಯರ್, ಗಾಡಿ ಬಂದು ನಿಂತಿದೆ. ಯಲ್ಲಾ, ಬೇಗ ಹತ್ತು!"

"ಎರಡೇ? ಇಲ್ಲಿ ಒಂಬತ್ತಿವೆಯಲ್ಲ ಮೇಡಂ."

"ನಿನ್ನಂಥವನನ್ನು ಎಳೆಯಲು ಎರಡು ಸಾಲುವುದಿಲ್ಲ."

ಆ ದೇವತೆಯ ಗಂಡ ಎಲ್ಲೋ ದೂರ ಅಲೆಯುತ್ತಾನಂತೆ, ಅವನಿಗಾಗಿ ಅತ್ತ ಕಣ್ಣೀರು ಚಿನ್ನವಾಗುತ್ತದಂತೆ... "ಹಾಗಾದರೆ ಇಲ್ಲೇ ಒಂದು ಚಿನ್ನದಂಗಡಿ ಇಡಬಹುದಿತ್ತು" ಎಂದೆ. ಈ ಸಲ ಅವರು ನಗಲಿಲ್ಲ. ಖಾಲಿ ಡಬ್ಬಿಗಳನ್ನು ಒಂದರೊಳಗೊಂದು ಸೇರಿಸುತ್ತ ಕೂತರು. ಅವರ ಗಂಡ ತೈಲದ ಹಡಗಿನಲ್ಲಿದ್ದಾರೆ ಎಂದು ಕೇಳಿದ್ದೆ. ಕಟ್ಟಡದಲ್ಲಿ ಯಾರೂ ಅವರನ್ನು ಕಂಡಿರಲಿಲ್ಲ.

ಬೂತಿಗೆ ಹೋದೆ. ಅವ್ವನಿಗೆ ಎಲ್ಲ ಹೇಳಿದೆ.

"ಆಕಿಗೆ ರೊಟ್ಟಿ ಬಡಿಯಾಕ ಬರ್ತೈತೇನು?"

"ಇಲ್ಲಬೇ."

"ನಿನಗ?"

"ನನಗ ಬರ್ತೈತಿ."

"ಹಂಗಾರ ಉಪವಾಸ ಬೀಳಂಗಿಲ್ಲ. ಕರ್ಕೊಂಡ್ ಬಾ."

ಊರಲ್ಲಿ ಮದುವೆ ಮುಗಿಸಿ, ಕರದಂಟಿನ ಡಬ್ಬಿ ಹಿಡಿದು ಮೂರನೇ ಮಹಡಿಗೆ ಹತ್ತಿದರೆ ಬಾಗಿಲಿಗೆ ಬೀಗ. "ಖಲಾಸ್ ಭಾಯಿ, ಮೇಡಂ ಚಲೀ ಗಯೀ" ಎಂದ ಕಟ್ಟಡದ ಕಾವಲುಗಾರ. ಗಂಡನ ಬಳಿಗೋ, ಒಬ್ಬರೇ ಊರಿಗೋ... ಅವನಿಗೂ ಗೊತ್ತಿರಲಿಲ್ಲ.

"ಡ್ಯಾಡ್, ಇಟ್ಸ್ ಜಸ್ಟ್ ಫಿಶ್!" ಮಗಳು ಒಳಗಿನಿಂದ ಕೂಗಿದಳು. ಡಬ್ಬಿಯನ್ನು ಮಾರು ದೂರ ಹಿಡಿದು ನಾನೇ ಅವಳ ಜೊತೆ ಕೆಳಗಿಳಿದೆ. ಇಕಾಮಾ ಎಂಬ ವಾಸದ ಪರವಾನಗಿ, ಗ್ಯಾಸು, ಬೀಗ, ಬೆಕ್ಕು ಎಂದು ಇಪ್ಪತ್ತು ವರ್ಷ ಏನೇನಕ್ಕೋ ಚಿಂತೆ ಮಾಡಿದವನು ನಾನು. "ನಿಮ್ಮವರು ಯಾವಾಗ ಬರುತ್ತಾರೆ ಮೇಡಂ?" ಎಂದು ಅವತ್ತು ಆ ಮೆಟ್ಟಿಲ ಮೇಲೆ ಒಂದು ಮಾತು ಕೇಳಲಿಲ್ಲ.